ಮೆಟ್ಟಿಲು ಗುಡಿಸುವ ಸರದಿ

ಓದುಗರ ಕಾಗದ: “ಸರ್, ನಾನು ಹಾಸನದ ಕಡೆಯವಳು. ಜರ್ಮನಿಯ ಎಸ್ಲಿಂಗನ್‌ಗೆ ನರ್ಸ್ ಆಗಿ ಬಂದು ಎಂಟು ತಿಂಗಳಾಯಿತು. ಊರಲ್ಲಿ ಐಸಿಯು ನೋಡಿಕೊಂಡವಳು ಇಲ್ಲಿ ರೋಗಿಗಳ ಮೈ ಒರೆಸುತ್ತಿದ್ದೇನೆ. ಒಂದು ದಿನವೂ ಯಾರೂ ಚೆನ್ನಾಗಿ ಮಾಡಿದೆ ಅನ್ನಲಿಲ್ಲ. ಮೊನ್ನೆ ಕೆಳಮನೆಯ ಅಜ್ಜಿ ನನ್ನ ಬಾಗಿಲಿಗೆ ‘ಗುಡಿಸುವ ವಾರ’ ಅಂತ ಹಲಗೆ ನೇತುಹಾಕಿ, ಮಾತಾಡದೆ ಹೋದರು. ಬಣ್ಣ ನೋಡಿ ಹೀಗೆ ಮಾಡುತ್ತಾರಾ? ಅಂಗಳವಿಲ್ಲ, ರಂಗೋಲಿಯಿಲ್ಲ. ವಾಪಸ್ ಬಂದುಬಿಡಲಾ? ಹೆಸರು ಹಾಕಬೇಡಿ.”

ಉತ್ತರ: ಹೆಸರು ಹಾಕಿಲ್ಲ. ಮೊದಲು ಆ ಹಲಗೆಯ ವಿಷಯ. ಅದನ್ನು ಓದಿ ನನಗೆ ನಗು ಬಂತು, ಬೇಜಾರು ಮಾಡಿಕೊಳ್ಳಬೇಡಿ. ಸ್ಟುಟ್‌ಗಾರ್ಟ್‌ನಲ್ಲಿರುವ ನನ್ನ ತಂಗಿಯ ಮಗಳೂ ಮೊದಲ ಸಲ ಅದನ್ನು ಕಂಡು ಅತ್ತಿದ್ದಳು. ನೀವಿಬ್ಬರೂ ಇರುವುದು ಶ್ವಾಬಿಯಾ ಸೀಮೆಯಲ್ಲಿ. ಅಲ್ಲಿಯವರು ‘ಕೇರ್‌ವೊಖೆ’ ಅನ್ನುವ ಪದ್ಧತಿ ಹದಿನೈದನೇ ಶತಮಾನದ ಕೊನೆಯಷ್ಟು ಹಳೆಯದು. ಒಂದು ಕಟ್ಟಡದಲ್ಲಿರುವ ಮನೆಗಳವರು ಸರದಿಯ ಮೇಲೆ ಮೆಟ್ಟಿಲು, ಮುಂದಿನ ಕಾಲುದಾರಿ ಎಲ್ಲ ಗುಡಿಸಬೇಕು. ಹಲಗೆ ಯಾರ ಬಾಗಿಲಲ್ಲಿದೆಯೋ ಆ ವಾರ ಅವರದು. ಮುಗಿಸಿದ ಮೇಲೆ ನೀವೂ ಅದನ್ನು ಮುಂದಿನ ಬಾಗಿಲಿಗೆ ನೇತುಹಾಕಿ ಬರಬೇಕು. ಆ ಅಜ್ಜಿಯೂ ತಮ್ಮ ವಾರ ಗುಡಿಸಿ ಮುಗಿಸಿಯೇ ಮೇಲೆ ಬಂದಿದ್ದು. ನಿಮ್ಮೂರಲ್ಲಿ ಕೆರೆ ನೀರನ್ನು ಸರದಿಯ ಮೇಲೆ ಗದ್ದೆಗೆ ಬಿಡುತ್ತಾರಲ್ಲ, ಸರದಿಯಲ್ಲಿ ಒಬ್ಬರ ಹೆಸರು ಸೇರಿತೆಂದರೆ ಏನರ್ಥ ಅಂತ ನಾನು ಹೇಳಬೇಕೆ? ಬಂದುಹೋಗುವ ನೆಂಟರ ಕೈಗೆ ಯಾರೂ ಪೊರಕೆ ಕೊಡುವುದಿಲ್ಲ. (ನಲವತ್ತು ವರ್ಷದಿಂದ ಬೆಂಗಳೂರಿನಲ್ಲಿದ್ದರೂ ನಮ್ಮ ಮೇಲಿನ ಮನೆಯವರ ಹೆಸರು ನನಗೆ ಗೊತ್ತಿಲ್ಲ. ನಿಮಗೆ ಆಗಲೇ ಒಬ್ಬ ಅಜ್ಜಿ ಸಿಕ್ಕಿದ್ದಾರೆ.) ಶನಿವಾರದೊಳಗೆ ಗುಡಿಸಿಬಿಡಿ. ಭಾನುವಾರ ಅಲ್ಲಿ ಅಂಗಡಿಗೂ ರಜೆ, ಸದ್ದಿಗೂ ರಜೆ.

ಮೈ ಒರೆಸುವ ಕೆಲಸ ಇದಕ್ಕಿಂತ ಕಷ್ಟದ ಸಂಗತಿ. ನಮ್ಮಲ್ಲಿ ರೋಗಿಗೆ ತುತ್ತು ಹಾಕುವುದು, ಮಗ್ಗುಲು ಬದಲಿಸುವುದು ಜೊತೆಗಿರುವ ಮನೆಯವರ ಪಾಲು, ಇಲ್ಲವೇ ಆಯಾ ಪಾಲು. ಹಾಗಾಗಿ ಅದು ಕೆಳಗಿನ ಕೆಲಸ ಅಂತ ನಮ್ಮ ತಲೆಯಲ್ಲಿ ಕೂತಿದೆ. ಜರ್ಮನಿಯ ವಾರ್ಡಿನಲ್ಲಿ ಮಂಚದ ಪಕ್ಕ ಚಾಪೆ ಹಾಸಿ ಮಲಗುವ ಮಗಳು, ಸೊಸೆ ಇರುವುದಿಲ್ಲ. ಅಲ್ಲಿ ಅದೂ ನರ್ಸಿಂಗ್‌ನ ಭಾಗವೇ, ಅಲ್ಲಿಯೇ ಓದಿದವರೂ ಮಾಡುತ್ತಾರೆ. ಬೆನ್ನು ಒರೆಸುವಾಗಲೇ ಅಲ್ಲವೆ ಹುಣ್ಣಾಗುವ ಮುಂಚಿನ ಕೆಂಪು ಕಣ್ಣಿಗೆ ಬೀಳುವುದು? ಐಸಿಯುವಿನಲ್ಲಿದ್ದ ನಿಮ್ಮ ಕಣ್ಣು ಅಲ್ಲಿ ದಂಡವಾಗುತ್ತಿಲ್ಲ.

ಆದರೆ ನಿಮ್ಮ ದೂರೆಲ್ಲ ತಪ್ಪು ಅಂತ ನಾನು ಹೇಳುತ್ತಿಲ್ಲ. ಇಲ್ಲಿಯ ಓದಿಗೆ ಅಲ್ಲಿ ಪೂರ್ಣ ಮಾನ್ಯತೆ ಸಿಗುವ ತನಕ ಸಾಮಾನ್ಯವಾಗಿ ಸಹಾಯಕಿಯ ದರ್ಜೆ, ಸಹಾಯಕಿಯ ಸಂಬಳ. ಹೊಂದಾಣಿಕೆ ತರಬೇತಿ ಮುಗಿಸಬೇಕು, ಇಲ್ಲವೇ ಪರೀಕ್ಷೆ ಪಾಸು ಮಾಡಬೇಕು. ನಿಮ್ಮದು ಯಾವುದು, ಯಾವ ತಿಂಗಳು ಅಂತ ಆಸ್ಪತ್ರೆಯವರು ಬರೆದುಕೊಟ್ಟಿದ್ದಾರೆಯೇ? ಕಾಗದದಲ್ಲಿ ಆ ಮಾತೇ ಇಲ್ಲದ್ದು ನೋಡಿ ನನಗೆ ಹೆದರಿಕೆಯಾಯಿತು. ನಾಳೆಯೇ ಕೇಳಿ. ಬಾಯಿಮಾತು ಬೇಡ, ಬರಹದಲ್ಲೇ ಕೇಳಿ.

ಹೊಗಳಿಕೆಯ ವಿಷಯ. ಶ್ವಾಬಿಯಾದವರದೇ ಒಂದು ಗಾದೆಯಿದೆ: ಬೈಯಲಿಲ್ಲ ಅಂದರೆ ಅಷ್ಟೇ ಸಾಕು, ಹೊಗಳಿದಂತೆ. ನಮ್ಮ ಕಡೆಯ ಹಳೇ ಕಾಲದ ಮೇಷ್ಟ್ರುಗಳನ್ನು ನೆನಪಿಸಿಕೊಳ್ಳಿ. ನೀವು ಕಲಿತ ಪುಸ್ತಕದ ಜರ್ಮನ್ನಿಗೂ ರೋಗಿಗಳು ಆಡುವ ಮಾತಿಗೂ ಅಜಗಜಾಂತರ ಇರುತ್ತದೆ. ಅರ್ಥವಾಗದಿದ್ದರೆ ‘ಇನ್ನೊಂದು ಸಲ ಹೇಳಿ’ ಅನ್ನಿ, ತಲೆಯಾಡಿಸಿ ಸುಮ್ಮನಾಗಬೇಡಿ. ವಾರ್ಡಿನಲ್ಲಿ ಅದು ಔಷಧಿಯ ಪ್ರಶ್ನೆ.

ಬಣ್ಣ ನೋಡುವವರು ಇಲ್ಲವೇ ಇಲ್ಲ ಅಂತಲ್ಲ. ಸಹೋದ್ಯೋಗಿಯೋ ಮೇಲಿನವರೋ ಬಣ್ಣದ ಮಾತೆತ್ತಿ ಅವಮಾನ ಮಾಡಿದರೆ ಅದು ಬೇರೆ, ಹಲಗೆ ಬೇರೆ. ಅದಕ್ಕಾಗಿಯೇ 2006ರಿಂದ ಅಲ್ಲಿ ತಾರತಮ್ಯ ತಡೆಯುವ ಕಾನೂನಿದೆ. ಪರಿಹಾರ ಕೇಳುವುದಾದರೆ ಸಾಮಾನ್ಯವಾಗಿ ಎರಡು ತಿಂಗಳೊಳಗೆ ಬರೆದುಕೊಡಬೇಕು. ದಿನ, ಹೊತ್ತು, ಪಕ್ಕದಲ್ಲಿ ಯಾರಿದ್ದರು, ಅವತ್ತೇ ಗುರುತು ಹಾಕಿಟ್ಟುಕೊಳ್ಳಿ.

ಇನ್ನೊಂದು ವಿಷಯ, ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ನಿಮ್ಮ ಎಸ್ಲಿಂಗನ್‌ನಲ್ಲೇ 1881ರಲ್ಲಿ ಹರ್ಮನ್ ಮೋಗ್ಲಿಂಗ್ ತೀರಿಕೊಂಡದ್ದು. ಹುಟ್ಟಿದ್ದು 1811ರಲ್ಲಿ, ಅದೇ ಸೀಮೆಯ ಬ್ರಾಕನ್‌ಹೈಮ್‌ನಲ್ಲಿ. 1836ರಲ್ಲಿ ಮಂಗಳೂರಿಗೆ ಬಂದು, 1843ರಲ್ಲಿ ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ ಹೊರಡಿಸಿದರು. ಅಂದರೆ ನಾನೀಗ ಕೂತಿರುವ ಈ ಕುರ್ಚಿಯ ಮೂಲಪುರುಷ ನಿಮ್ಮ ಕೆಳಮನೆ ಅಜ್ಜಿಯ ಸೀಮೆಯವರು. ಬಂದದ್ದು ಮತಪ್ರಚಾರಕ್ಕೆ, ನಿಜ. ಆದರೆ ದಾಸರ ಪದಗಳನ್ನು ಹುಡುಕಿ ಅಚ್ಚು ಹಾಕಿಸುವಷ್ಟು ನಮ್ಮ ಮಾತು ಕಲಿತರು. ಮೊದಲ ಎಂಟು ತಿಂಗಳಲ್ಲಿ ಅವರಿಗೆ ಯಾರು ಶಹಭಾಸ್ ಅಂದಿದ್ದರೋ!

ವಾಪಸ್ ಬರುವ ಪ್ರಶ್ನೆಯನ್ನು ಮಾನ್ಯತೆ ಕೈಗೆ ಬರುವವರೆಗೆ ಎತ್ತಿಡಿ. ಆಮೇಲೆ ಬರುವುದಾದರೆ ಆ ಪ್ರಮಾಣಪತ್ರ ಹಿಡಿದು ಬನ್ನಿ, ನಾನೇ ಬಸ್‌ಸ್ಟ್ಯಾಂಡಿಗೆ ಬರುತ್ತೇನೆ. ಅಷ್ಟರಲ್ಲಿ ನಿಮ್ಮ ಸರದಿ ಮತ್ತೆ ಬರುತ್ತದೆ. ಮೆಟ್ಟಿಲು ಗುಡಿಸಿದ ಮೇಲೆ ಕೆಳಗಡೆ ನಾಲ್ಕು ಚುಕ್ಕಿ ಇಟ್ಟು ಪುಟ್ಟ ರಂಗೋಲಿ ಹಾಕಬಹುದೇ ಅಂತ ಆ ಅಜ್ಜಿಯನ್ನು ಕೇಳಿ ನೋಡಿ. ಬೇಡ ಅಂದರೆ ಅದನ್ನೂ ನನಗೆ ಬರೆಯಿರಿ.

– ಸಂಪಾದಕ