ಒಂದೇ ಸಲ ಕೇಳುವ ಮನೆ

ನಾನು ಆಪ್ತಸಲಹೆಗಾರ್ತಿ. ಈ ಪ್ರಕರಣ ಬರೆಯೋಕೆ ಆ ಹುಡುಗಿ ಮತ್ತು ಅವಳ ತಾಯಿ ಇಬ್ಬರೂ ಒಪ್ಪಿದ್ದಾರೆ. ಹೆಸರು, ಓದುವ ವಿಷಯ, ಮನೆಯ ಒಂದೆರಡು ಗುರುತು ಬದಲಿಸಿದ್ದೇನೆ. ಅವಳನ್ನು ಭಾಗ್ಯ ಅನ್ನೋಣ. ವಯಸ್ಸು 20, ಕಲಬುರಗಿಯ ಇಂಜಿನಿಯರಿಂಗ್ ವಿದ್ಯಾರ್ಥಿನಿ. ಒಂದು ಸೆಮಿಸ್ಟರ್ ಓದಲು ಉತ್ತರ ಜರ್ಮನಿಯ ಒಂದು ಊರಿಗೆ ಹೋಗಿದ್ದಳು. ಅಲ್ಲಿ ಹಾಸ್ಟೆಲ್ ಸಿಗಲಿಲ್ಲ. ಹಾಗಾಗಿ ಒಂದು ಕುಟುಂಬದ ಜೊತೆ ಇದ್ದಳು. ಅರವತ್ತರ ಆಸುಪಾಸಿನ ಗಂಡ ಹೆಂಡತಿ, ಮಕ್ಕಳು ಬೇರೆ ಊರಲ್ಲಿ.

ನನ್ನ ಹತ್ತಿರ ಮೊದಲು ಬಂದದ್ದು ತಾಯಿ. ನವೆಂಬರ್ ಎರಡನೇ ವಾರ. ಕುರ್ಚಿಯ ತುದಿಯಲ್ಲಿ ಕೂತು, ಮೊಬೈಲ್ ಕೈಯಿಂದ ಬಿಡದೆ, ಒಂದೇ ಉಸಿರಲ್ಲಿ ಹೇಳಿದರು. "ಮೇಡಂ, ಎರಡು ವಾರ ಆಯ್ತು, ಹುಡುಗಿ ಫೋನ್ ಎತ್ತವಲ್ಲಳ್ರಿ. ಎತ್ತಿದ್ರೂ ಊಟ ಆಯ್ತೇನವ್ವಾ ಅಂದ್ರ ಆಯ್ತು ಅಂತಾಳ, ಇಟ್ಟುಬಿಡ್ತಾಳ. ಆ ಮನ್ಯಾಗ ಯಾರರ ಏನರ ಅನ್ಲಾಕತ್ತಾರೇನೋ ಅಂತ ಜೀವ ಹಾರ್ತದ." ವಿಡಿಯೋದಲ್ಲಿ ಮಗಳ ಕೊರಳಿನ ಎಲುಬು ಕಾಣುತ್ತಿದೆ ಅಂದರು. ಸಾಲ ಮಾಡಿ ಕಳಿಸಿದ್ದು, ಓಣಿಯವರೆಲ್ಲ ಸ್ಟೇಷನ್ನಿಗೆ ಬಂದು ಬೀಳ್ಕೊಟ್ಟಿದ್ದು, ಈಗ ವಾಪಸ್ ಕರೆಸಿದರೆ ಮಂದಿ ಏನಂತಾರೆ ಅನ್ನೋದು, ಎಲ್ಲ ಬಂತು.

ಮುಂದಿನ ಭಾನುವಾರ ಮಧ್ಯಾಹ್ನ ಎರಡು ಗಂಟೆಗೆ ಭಾಗ್ಯಳ ಜೊತೆ ವಿಡಿಯೋ ಕರೆ. ಅಲ್ಲಿ ಬೆಳಗ್ಗೆ ಒಂಬತ್ತೂವರೆ. ಮೊದಲ ದಿನ ನಾನು ತಪ್ಪು ದಾರಿ ಹಿಡಿದೆ, ಅದನ್ನ ಇಲ್ಲೇ ಒಪ್ಪಿಕೊಂಡುಬಿಡ್ತೀನಿ. ನಿದ್ದೆ ಸರಿಯಿಲ್ಲ, ಅಳು ಬರುತ್ತೆ, ಸಂಜೆ ನಾಲ್ಕೂವರೆಗೆಲ್ಲ ಕತ್ತಲು ಅಂದಳು. ಮೇ ತಿಂಗಳಲ್ಲಿ ನಲವತ್ತು ಡಿಗ್ರಿ ದಾಟುವ ಊರಲ್ಲಿ ಬೆಳೆದ ಹುಡುಗಿ, ಬಿಸಿಲೇ ಇಲ್ಲದ ಚಳಿಗಾಲ, ಮನೆ ನೆನಪು. ಇಷ್ಟೇ ಅಂತ ನನ್ನ ತಲೆ ತೀರ್ಮಾನ ಮಾಡಿಬಿಟ್ಟಿತ್ತು. ಕೇಳಲೇಬೇಕಾದ್ದನ್ನ ಕೇಳಿದೆ, ಸಾಯಬೇಕು ಅನ್ನಿಸುತ್ತಾ ಅಂತಲೂ ನೇರವಾಗೇ ಕೇಳಿದೆ. ಇಲ್ಲ ಅಂದಳು. ಮಧ್ಯಾಹ್ನ ಬೆಳಕಿರುವಾಗ ಅರ್ಧ ಗಂಟೆ ಹೊರಗೆ ನಡಿ, ರಾತ್ರಿ ಮೊಬೈಲ್ ದೂರ ಇಡು ಅಂದೆ. ಹ್ಞೂಂ ಮೇಡಂ ಅಂದಳು. ಅವಳು ಎಲ್ಲದಕ್ಕೂ ಹ್ಞೂಂ ಅನ್ನುವ ಹುಡುಗಿ ಅನ್ನೋದು ನನಗೆ ಆಮೇಲೆ ಹೊಳೆದದ್ದು.

ಎರಡನೇ ಭಾನುವಾರ ಸುಮ್ನೆ ಕೇಳಿದೆ, ನಿನ್ನೆ ರಾತ್ರಿ ಏನುಂಡಿ?

"ರೊಟ್ಟಿ ರಿ."

ಅರೆ, ಅಲ್ಲಿ ಎಲ್ಲಿಯ ರೊಟ್ಟಿ? ಊರಿಂದ ಒಯ್ದ ಖಡಕ್ ರೊಟ್ಟಿ, ಶೇಂಗಾ ಹಿಂಡಿ. ಅವಳ ಅವ್ವ ಸೂಟ್‌ಕೇಸಿನಲ್ಲಿ ಎರಡು ಡಬ್ಬಿ ತುಂಬಿ ಕಳಿಸಿದ್ದರು. ಹಾಲಿನ ಪದಾರ್ಥ ಯುರೋಪಿಗೆ ಒಯ್ಯುವ ಹಾಗಿಲ್ಲ ಅಂತ ತುಪ್ಪ ಮಾತ್ರ ಮನೆಯಲ್ಲೇ ಉಳಿದಿತ್ತು. ರೂಮಿನಲ್ಲಿ ಒಬ್ಬಳೇ ಕೂತು ತಿಂದೆ ಅಂದಳು. ಆಮೇಲೆ ಸ್ವಲ್ಪ ಹೊತ್ತು ಬಿಟ್ಟು, ತಲೆ ಬಗ್ಗಿಸಿ ಹೇಳಿದಳು. "ಹತ್ತು ಗಂಟಿ ಆದ್ ಮ್ಯಾಲ ಸಪ್ಪಳ ಮಾಡಬಾರದ್ರಿ ಇಲ್ಲಿ. ಖಡಕ್ ರೊಟ್ಟಿ ಮುರದ್ರ ಕಟಕ್ ಅಂತದಲ್ರಿ. ಅದಕ್ಕ ನೀರಾಗ ತೊಯಿಸಿ, ಚಾದರ ಹೊದ್ಕೊಂಡು ತಿಂತೀನ್ರಿ."

ಮೊದಲು ನನಗೆ ನಗು ಬಂತು. ಅವಳೂ ನಕ್ಕಳು. ಮರುಕ್ಷಣ ನನಗೆ ತಟ್ಟಿತು, ಈ ಹುಡುಗಿ ಒಂದೂವರೆ ತಿಂಗಳಿಂದ ಹಸಿದಿದ್ದಾಳೆ. ಮನೆ ನೆನಪು ಅಂತ ನಾನು ಬರೆದುಕೊಂಡಿದ್ದರಲ್ಲಿ ಅರ್ಧ ಬರೀ ಹೊಟ್ಟೆಹಸಿವು. ಹಸಿದವರಿಗೆ ನಿದ್ದೆ ಹೇಗೆ ಬರುತ್ತೆ?

ಹಾಗಾದರೆ ಆ ಮನೆಯವರು ಊಟ ಕೊಡುತ್ತಿರಲಿಲ್ಲವಾ? ಕೊಡುತ್ತಿದ್ದರು. ಜರ್ಮನಿಯ ಬಹಳ ಮನೆಗಳಲ್ಲಿ ಬಿಸಿ ಊಟ ಮಧ್ಯಾಹ್ನಕ್ಕೆ, ರಾತ್ರಿಗೆ ಒಲೆ ಹಚ್ಚುವುದಿಲ್ಲ. ಆಬೆಂಡ್‌ಬ್ರೋಟ್ ಅಂತಾರೆ, ಅಂದರೆ ಸಂಜೆಯ ಬ್ರೆಡ್. ರೈ ಅನ್ನುವ ಗೋಧಿಯಂಥ ಧಾನ್ಯದ ಹಿಟ್ಟಿನ ಗಟ್ಟಿ ಕಂದು ಬ್ರೆಡ್, ಬೆಣ್ಣೆ, ಚೀಸ್, ಸೌತೆಕಾಯಿ ಉಪ್ಪಿನಕಾಯಿ, ಮಾಂಸದ ತುಂಡು. ಭಾಗ್ಯ ಸಸ್ಯಾಹಾರಿ. ಆ ಮನೆಯಾಕೆ ಮೊದಲ ದಿನವೇ ಚೀಸಿನ ತಟ್ಟೆ ಅವಳ ಮುಂದೆ ಹಿಡಿದು ಬೇಕಾ ಅಂದರು. ಇವಳು, ಬೇಡ, ಥ್ಯಾಂಕ್ಸ್ ಅಂದಳು. ಆಕೆ ಸರಿ ಅಂತ ತಟ್ಟೆ ಆ ಕಡೆ ಇಟ್ಟರು. ಮುಗಿಯಿತು. ಎರಡನೇ ಸಲ ಕೇಳಲೇ ಇಲ್ಲ.

ನಮ್ಮ ಕಡೆ ಯಾರ ಮನೆಗೆ ಹೋದರೂ ಚಹಾ ಅಂದ ಕೂಡಲೇ "ಬ್ಯಾಡ್ರಿ, ಈಗಷ್ಟೇ ಕುಡದು ಬಂದೀನಿ" ಅಂತೀವಿ. ಅದು ಸುಳ್ಳು ಅಂತ ಕೇಳಿದವರಿಗೂ ಗೊತ್ತು, ಹೇಳಿದವರಿಗೂ ಗೊತ್ತು. ಮನೆಯವರು ಅದನ್ನ ಕಿವಿಗೇ ಹಾಕಿಕೊಳ್ಳೋದಿಲ್ಲ, ಒಳಗಿಂದ ಪಾತ್ರೆ ಸದ್ದು ಕೇಳುತ್ತೆ, ಮೂರನೇ ಸಲಕ್ಕೆ "ಅರ್ಧ ಕಪ್ ಹಾಕ್ರಿ" ಅಂತೀವಿ, ತುಂಬಿದ ಕಪ್ ಬರುತ್ತೆ. ಊಟಕ್ಕೆ ಕೂತರೆ ಗಂಗಾಳದ ಮೇಲೆ ಕೈ ಅಡ್ಡ ಹಿಡಿದರೂ ಬೆರಳ ಸಂದಿಯಿಂದ ರೊಟ್ಟಿ ಜಾರಿಸಿ ಹಾಕುವವರು ನಾವು. ಒತ್ತಾಯ ಮಾಡದೆ ಬಡಿಸಿದರೆ ಆ ಮನೆ ಸರಿಯಿಲ್ಲ ಅಂತ ದಾರಿಯಲ್ಲೇ ಮಾತಾಡಿಕೊಂಡು ಬರ್ತೀವಿ, ಅಲ್ವಾ? ಭಾಗ್ಯಳ ಲೆಕ್ಕವೂ ಅದೇ. ಒಂದೇ ಸಲ ಕೇಳಿದರು ಅಂದರೆ ನಾನು ಅವರಿಗೆ ಬೇಡ. ಆ ಜರ್ಮನ್ ಹೆಂಗಸಿನ ಲೆಕ್ಕ ಬೇರೆ ಇರುತ್ತೆ. ಬೇಡ ಅಂದವರಿಗೆ ಮತ್ತೆ ಮತ್ತೆ ಕೊಡುವುದು ಅವರ ಮಾತಿಗೆ ಬೆಲೆ ಕೊಡದ ಹಾಗೆ.

ಇದರ ಮೇಲೆ ಇನ್ನೊಂದು ಸಂಗತಿ ಆಗಿತ್ತು. ಎರಡನೇ ವಾರದಲ್ಲಿ ಧೈರ್ಯ ಮಾಡಿ ತೊಗರಿ ಬೇಳೆ ಬೇಯಿಸಿ, ಕೆಂಪು ಮೆಣಸಿನಕಾಯಿ ಹಾಕಿ ಒಗ್ಗರಣೆ ಕೊಟ್ಟಿದ್ದಾಳೆ. ಹೊಗೆ ಎದ್ದು ಪಡಸಾಲೆಯ ಸ್ಮೋಕ್ ಅಲಾರಂ ಕೂಗಿದೆ. ಅಲ್ಲಿ ಮನೆಗಳಲ್ಲಿ ಅದು ಕಾನೂನಿನ ಪ್ರಕಾರ ಇರಲೇಬೇಕು. ಮನೆಯಾಕೆ ಓಡಿ ಬಂದು ಕಿಟಕಿ ತೆಗೆದು, ಕೆಮ್ಮುತ್ತಾ, "ಮುಂದಿನ ಸಲ ಅಡುಗೆಮನೆ ಬಾಗಿಲು ಹಾಕಿ ಫ್ಯಾನ್ ಹಚ್ಚು" ಅಂದಿದ್ದಾರೆ. ಇವಳ ಕಿವಿಗೆ ಅದು "ಇನ್ನು ಅಡುಗೆ ಮಾಡಬೇಡ" ಅಂತ ಕೇಳಿಸಿದೆ. ಅವತ್ತಿಂದ ಒಲೆ ಹತ್ತಿರ ಹೋಗಿಲ್ಲ.

ಫ್ರಿಜ್ ಮೇಲೆ ಇಂಗ್ಲಿಷಿನಲ್ಲಿ ಬರೆದ ಒಂದು ಹಾಳೆ ಅಂಟಿಸಿದ್ದರು. ಅದನ್ನು ಇವಳು "ರೂಲ್ಸ್ ಹಚ್ಯಾರ್ರಿ, ನಾ ಏನ್ ಆಳೇನ್ರಿ ಅವ್ರ ಮನ್ಯಾಗ" ಅಂತ ಅವಮಾನವಾಗಿ ತಗೊಂಡಿದ್ದಳು. ಕ್ಯಾಮೆರಾ ಅಲ್ಲಿಗೆ ಹಿಡಿದು ಜೋರಾಗಿ ಓದು ಅಂದೆ. ರಾತ್ರಿ ಹತ್ತರ ನಂತರ, ಭಾನುವಾರ ಇಡೀ ದಿನ ಸದ್ದು ಬೇಡ. ಚಳಿ ಇದ್ದರೂ ದಿನಕ್ಕೆರಡು ಸಲ ಐದು ನಿಮಿಷ ಕಿಟಕಿ ಪೂರ್ತಿ ತೆಗೆ. ಕಾಗದ, ಪ್ಲಾಸ್ಟಿಕ್, ಅಡುಗೆ ಕಸ ಬೇರೆ ಬೇರೆ ಡಬ್ಬಿಗೆ. ಖಾಲಿ ನೀರಿನ ಬಾಟಲಿ ಎಸೆಯಬೇಡ, ಅಂಗಡಿಗೆ ವಾಪಸ್ ಕೊಟ್ಟರೆ 25 ಸೆಂಟ್ ಬರುತ್ತೆ. ಕೊನೆಯ ಸಾಲು ಓದುವಾಗ ಅವಳ ದನಿ ಸಣ್ಣಗಾಯಿತು. ಫ್ರಿಜ್ಜಿನ ಎರಡನೇ ಖಾನೆ ನಿನ್ನದು, ಅಲ್ಲಿರುವುದನ್ನು ಕೇಳದೆ ತಗೋ.

ಓದಿರಲಿಲ್ಲವಾ? ಓದಿದ್ದಳು. ಸುಮ್ನೆ ಉಪಚಾರಕ್ಕೆ ಬರೆದಿದ್ದಾರೆ ಅಂದುಕೊಂಡಿದ್ದಳು!

ಆ ದಿನದ ಉಳಿದ ಹೊತ್ತು ನಾವು ನಾಟಕ ಆಡಿದೆವು. ನಾನು ಮನೆಯಾಕೆ. ನನ್ನ ಮೇಜಿನ ಮೇಲಿದ್ದ ಬಿಸ್ಕತ್ ತಟ್ಟೆಯನ್ನು ಕ್ಯಾಮೆರಾ ಮುಂದೆ ಹಿಡಿದು ಬೇಕಾ ಅಂತಿದ್ದೆ. ಬಾಯಿಗೆ ಬರುತ್ತಿದ್ದದ್ದು ಬೇಡ. ತಟ್ಟೆ ಹಿಂದಕ್ಕೆ. ಮತ್ತೆ ಬೇಕಾ, ಮತ್ತೆ ಬೇಡ. ಆರನೇ ಸಲವೋ ಏಳನೇ ಸಲವೋ ಹೌದು, ಬೇಕು ಅಂದಳು, ಅಂದು ಅತ್ತಳು. "ಹಂಗ ಬಾಯಿಬಿಟ್ಟು ಕೇಳಿದ್ರ ಆಸಬುರಕಿ ಅನ್ನಲ್ಲೇನ್ರಿ ಮೇಡಂ?" ಅನ್ನಲಿ ಬಿಡು ಅಂದೆ. ಇದು ಪುಸ್ತಕದಲ್ಲಿರುವ ಆಪ್ತಸಲಹೆ ಅಲ್ಲ, ಗೊತ್ತು. ಆಗ ಬಾಯಿಗೆ ಬಂದದ್ದು ಅದೇ.

ಕೊಟ್ಟ ಸಲಹೆ ಹೀಗಿತ್ತು. ಏನಾದರೂ ಕೊಟ್ಟರೆ ಮೊದಲ ಸಲವೇ ನಿಜ ಹೇಳು. ಬೇಕಿದ್ದರೆ ಬೇಕು. ಮಂಗಳವಾರದೊಳಗೆ ಆಕೆಯ ಜೊತೆ ಕೂತು ಹತ್ತು ನಿಮಿಷ ಮಾತಾಡು, ಮೂರು ಪ್ರಶ್ನೆ ಚೀಟಿಯಲ್ಲಿ ಬರೆದುಕೊಂಡೇ ಹೋಗು, ಚೀಟಿ ನೋಡಿ ಕೇಳಿದರೂ ತಪ್ಪಿಲ್ಲ. ರಾತ್ರಿ ನಾನು ಬಿಸಿ ಅಡುಗೆ ಮಾಡಿಕೊಳ್ಳಬಹುದಾ, ಯಾವ ಹೊತ್ತಿಗೆ? ಒಗ್ಗರಣೆ ಹಾಕುವಾಗ ಏನೇನು ಮಾಡಬೇಕು? ಮೂರನೆಯದು ಅವಳೇ ಸೇರಿಸಿದ್ದು: ನಿಮ್ಮನ್ನು ನಾನು ಏನಂತ ಕರೆಯಲಿ? ಯಾಕಂದರೆ ಆಕೆ ಹೆಸರು ಹಿಡಿದು ಕರಿ ಅಂದಿದ್ದರು. ತಾಯಿಗಿಂತ ದೊಡ್ಡವರನ್ನು ಹೆಸರು ಹಿಡಿದು ಹೇಗೆ ಕರೆಯೋದು? ಹಾಗಾಗಿ ಏನೂ ಕರೆಯದೆ, ಆಕೆ ತಿರುಗಿ ನೋಡುವ ತನಕ ಹಿಂದೆ ನಿಂತು ಕಾಯುತ್ತಿದ್ದಳಂತೆ. ಆಕೆಗೆ ಅದು ಎಷ್ಟು ವಿಚಿತ್ರ ಅನ್ನಿಸಿರಬೇಕು, ಯೋಚಿಸಿ.

ಇಷ್ಟು ಮಾಡಿ ಎರಡು ವಾರ ಕಳೆದರೂ ನಿದ್ದೆ, ಅಳು ಹಾಗೇ ಇದ್ದರೆ ಅಲ್ಲೇ ಮುಖ ಕೊಟ್ಟು ಮಾತಾಡುವವರು ಬೇಕು. ಜರ್ಮನಿಯಲ್ಲಿ ವಿದ್ಯಾರ್ಥಿಗಳಿಗಾಗಿಯೇ ಸ್ಟುಡೀರೆಂಡೆನ್‌ವೆರ್ಕ್ ಅನ್ನುವ ಸಂಸ್ಥೆಗಳಿವೆ, ಅಲ್ಲಿ ಮನಸ್ಸಿನ ವಿಷಯಕ್ಕೂ ಸಲಹೆ ಸಿಗುತ್ತೆ. ಆ ಅಪಾಯಿಂಟ್‌ಮೆಂಟ್ ಈಗಲೇ ತಗೊಂಡಿಡು ಅಂದೆ. ತುರ್ತು ಅಂದರೆ 112. ವಾಪಸ್ ಬರುವ ಮಾತು ಕ್ರಿಸ್‌ಮಸ್ ಆದ ಮೇಲೆ, ಹೊಟ್ಟೆ ತುಂಬಿರುವಾಗ ತೀರ್ಮಾನ ಮಾಡೋಣ.

ಇನ್ನು ಆ ಫೋನ್ ವಿಷಯ. ತಾಯಿ ದಿನಾ ರಾತ್ರಿ ಒಂಬತ್ತೂವರೆಗೆ, ಧಾರಾವಾಹಿ ಮುಗಿದ ಮೇಲೆ ಫೋನ್ ಮಾಡುತ್ತಿದ್ದರು. ಅಕ್ಟೋಬರಿನಲ್ಲಿ ಅದು ಜರ್ಮನಿಯ ಸಂಜೆ ಆರು, ಸರಿಯಾಗಿ ಆ ಮನೆಯವರು ಊಟಕ್ಕೆ ಕೂರುವ ಹೊತ್ತು. ಇವಳು ದಿನಾ ಬ್ರೆಡ್ ಅರ್ಧಕ್ಕೆ ಬಿಟ್ಟು ಎದ್ದು ಹೋಗೋಳು. ಅಕ್ಟೋಬರ್ ಕೊನೆಯ ಭಾನುವಾರ ಅಲ್ಲಿ ಗಡಿಯಾರ ಒಂದು ಗಂಟೆ ಹಿಂದಕ್ಕೆ ಹೋಗುತ್ತೆ, ನಮಗೂ ಅವರಿಗೂ ಮೂರೂವರೆ ಗಂಟೆ ಇದ್ದ ಅಂತರ ನಾಲ್ಕೂವರೆ ಆಗುತ್ತೆ. ತಾಯಿಯ ಅದೇ ಒಂಬತ್ತೂವರೆ ಅಲ್ಲಿ ಐದು ಗಂಟೆ. ಆಗ ಅವಳು ಲ್ಯಾಬಿನಲ್ಲಿ. ಅದಕ್ಕೇ ಎತ್ತುತ್ತಿರಲಿಲ್ಲ. ಇದನ್ನು ಹಾಳೆಯ ಮೇಲೆ ಎರಡು ಗಡಿಯಾರ ಬರೆದು ತೋರಿಸಿದಾಗ ಆ ತಾಯಿ ಹಣೆ ಬಡಿದುಕೊಂಡು, "ಹೌದೇನ್ರಿ! ನಾ ಸುಳ್ಳೇ ಆ ಹೆಣ್ಮಗಳಿಗೆ ಬೈಕೋತ ಕುಂತೀನಿ" ಅಂದರು. ವಾರಕ್ಕೆ ಮೂರು ದಿನ, ನಮ್ಮ ಮಧ್ಯಾಹ್ನ ಹನ್ನೆರಡೂವರೆಗೆ, ಅವಳು ಕ್ಲಾಸಿಗೆ ಹೊರಡುವ ಮುಂಚೆ ಫೋನ್ ಅಂತ ಮಾಡಿದೆವು. ಊಟ ಆಯ್ತಾ ಅಂತ ಕೇಳೋದು ಬಿಡಿ, ಏನುಂಡಿ ಅಂತ ಕೇಳಿ ಅಂದೆ. ಆಯ್ತು ಅಂತ ಸುಳ್ಳು ಹೇಳೋದು ಸುಲಭ, ಇಲ್ಲದ ಪಲ್ಯದ ಹೆಸರು ಹೇಳೋದು ಕಷ್ಟ. ರಾತ್ರಿ ಜೀವ ತಡೆಯದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡ್ತಾರೆ, ದುಡ್ಡಿಲ್ಲ, ಮಗಳಿಗೆ ಮಾಡುವ ಬದಲು ಅಲ್ಲಿಗೆ ಮಾಡಿ ಅಂತ ನಂಬರ್ ಬರೆದುಕೊಟ್ಟೆ.

ಮಂಗಳವಾರದ ಮಾತುಕತೆ ಗುರುವಾರ ಆಯಿತು. ಚೀಟಿ ನೋಡಿಯೇ ಕೇಳಿದಳಂತೆ. ಆಕೆಗೆ ಗಾಬರಿ. ಈ ಹುಡುಗಿಗೆ ನಮ್ಮ ಜೊತೆ ಕೂತು ಉಣ್ಣೋದು ಇಷ್ಟವಿಲ್ಲ ಅಂತ ಅವರೂ ಗಂಡ ಹೆಂಡತಿ ಮಾತಾಡಿಕೊಂಡಿದ್ದರಂತೆ. ಆಮೇಲೆ ವಾರಕ್ಕೆರಡು ರಾತ್ರಿ ಬೇಳೆ, ಅನ್ನ. ಒಗ್ಗರಣೆಗೆ ಮುಂಚೆ ಬಾಗಿಲು, ಫ್ಯಾನ್, ಕಿಟಕಿ. ಕರೆಯುವ ಹೆಸರು "ಮೌಶಿ", ಅಂದರೆ ಚಿಕ್ಕಮ್ಮ, ಅಂತ ತೀರ್ಮಾನವಾಯಿತು. ಆಕೆಯ ಬಾಯಲ್ಲಿ ಅದು "ಮೌಜಿ" ಆಗುತ್ತಿತ್ತು. ಎಲ್ಲ ಸರಿಹೋಯಿತು ಅಂತಲ್ಲ. ಡಿಸೆಂಬರಿನ ಕತ್ತಲು ಅವಳಿಗೆ ಕಷ್ಟವೇ ಆಯಿತು, ಅಲ್ಲಿನ ಸಲಹೆಗಾರರನ್ನು ನಾಲ್ಕು ಸಲ ಕಂಡಳು, ಒಂದು ವಿಷಯದಲ್ಲಿ ಫೇಲೂ ಆದಳು. ಆದರೆ ಸೆಮಿಸ್ಟರ್ ಮುಗಿಸಿಯೇ ಬಂದಳು.

ಮಾರ್ಚ್‌ನಲ್ಲಿ ತಾಯಿ ಮತ್ತೆ ಬಂದಿದ್ದರು, ಈ ಸಲ ದೂರು ಬೇರೆ. ಶಹಾಬಾದಿನ ಅತ್ತೆಯ ಮನೆಗೆ ಹೋಗಿದ್ದಾರೆ, ಅವರು ಮಾಲಪುರಿ ತಂದಿಟ್ಟಿದ್ದಾರೆ, ಭಾಗ್ಯ "ಬ್ಯಾಡತ್ತಿ, ಹೊಟ್ಟಿ ತುಂಬ್ಯದ" ಅಂದಿದ್ದಾಳೆ, ಮೂರು ಸಲ ಒತ್ತಾಯ ಮಾಡಿದರೂ ಮುಟ್ಟಿಲ್ಲ. ಅತ್ತೆಗೆ ಸಿಟ್ಟು. "ಪರದೇಶಕ್ಕ ಹೋಗಿ ಬಂದು ಸೊಕ್ಕು ಬಂದದ ಅಂತಾರ್ರಿ. ನೀವs ಕಲಿಸೀರಂತ, ನೀವs ಹೇಳ್ರಿ ಅಕಿಗಿ."

ಮುಂದಿನ ಶನಿವಾರ ಹನ್ನೊಂದಕ್ಕೆ ಇಬ್ಬರನ್ನೂ ಬರಲು ಹೇಳಿದ್ದೇನೆ.