ದಾವಣಗೆರೆಯಲ್ಲಿ ಒಬ್ಬರೇ ಇರುವ 76ರ ಅಪ್ಪನಿಗೆ ಇಡೀ ದಿನದ ಕೆಲಸದವರನ್ನು ಇಡಬೇಕಾ?

ನೀವು ಬರೆದಿದ್ದು ಇಷ್ಟು: ಅಮ್ಮ ತೀರಿಕೊಂಡ ಮೇಲೆ ಅಪ್ಪ ದಾವಣಗೆರೆಯ ಮನೆಯಲ್ಲಿ ಒಬ್ಬರೇ ಇದ್ದಾರೆ. ಸ್ನಾನ, ಬಟ್ಟೆ, ಊಟ ಎಲ್ಲ ತಾವೇ ನೋಡಿಕೊಳ್ಳುತ್ತಾರೆ. ಆದರೆ ಫೋನ್ ಮಾಡಿದಾಗಲೆಲ್ಲ ಬೇಜಾರು ಅಂತಾರೆ. ಇಡೀ ದಿನಕ್ಕೆ ಯಾರನ್ನಾದರೂ ಇಡಲೋ, ನೀವಿರುವ ಪುಣೆಗೇ ಕರೆಸಿಕೊಳ್ಳಲೋ ಎಂಬುದು ಪ್ರಶ್ನೆ.

ನಾನು ಇದೇ ಊರಿನ ಫಿಸಿಯೋಥೆರಪಿಸ್ಟ್. ವಿದ್ಯಾನಗರ, ಪಿ.ಜೆ. ಬಡಾವಣೆ, ನಿಟುವಳ್ಳಿ ಕಡೆ ಮನೆಗಳಿಗೇ ಹೋಗಿ ವಯಸ್ಸಾದವರಿಗೆ ವ್ಯಾಯಾಮ ಮಾಡಿಸುತ್ತೇನೆ. ಸದ್ಯಕ್ಕೆ ಎರಡೂ ಬೇಡ ಅಂತೀನಿ. ಅಪ್ಪ ಹೊರಗೆ ಹೋಗುವುದು ಯಾವಾಗ ಕಡಿಮೆಯಾಯಿತು, ಯಾಕೆ ಅನ್ನೋದನ್ನ ಮೊದಲು ಪತ್ತೆ ಮಾಡಿ.

ಎಲ್ಲ ತಾವೇ ಮಾಡಿಕೊಳ್ತಾರೆ ಅನ್ನುವಾಗ ನಾವು ಸ್ನಾನ, ಶೌಚ, ಬಟ್ಟೆಯನ್ನಷ್ಟೇ ನೋಡುತ್ತೇವೆ. ಅಂಗಡಿ, ಬ್ಯಾಂಕು, ಅಡುಗೆ, ಮಾತ್ರೆ, ಬಸ್ಸು ಇವೆಲ್ಲ ಇನ್ನೊಂದು ಗುಂಪು. ಸಾಮಾನ್ಯವಾಗಿ ಮೊದಲು ಕೈತಪ್ಪುವುದು ಇವೇ. ಇವುಗಳಲ್ಲಿ ಹೆಚ್ಚಿನವು ಮನೆಯಿಂದ ಹೊರಗಿನ ಕೆಲಸಗಳು, ಹಾಗಾಗಿ ಇವು ನಿಂತರೆ ನಾಲ್ಕು ಜನರ ಮಾತೂ ನಿಲ್ಲುತ್ತದೆ. ಇದನ್ನು ಅಳೆಯಲು 1969ರಲ್ಲಿ ಅಮೆರಿಕದ ಲಾಟನ್ ಮತ್ತು ಬ್ರೋಡಿ ಎಂಬಿಬ್ಬರು ಎಂಟು ಕೆಲಸಗಳ ಪಟ್ಟಿ ಮಾಡಿದರು. ಮೊದಮೊದಲು ಗಂಡಸರಿಗೆ ಅದರಲ್ಲಿ ಐದೇ ಲೆಕ್ಕ! ಅಡುಗೆ, ಮನೆಗೆಲಸ, ಬಟ್ಟೆ ಒಗೆಯೋದು ಬಿಟ್ಟುಬಿಡುತ್ತಿದ್ದರು. ನಮ್ಮ ಅಪ್ಪಂದಿರೂ ಅದೇ ಲೆಕ್ಕದಲ್ಲಿ ಬದುಕಿದವರು, ಅಲ್ವಾ? ನಿಮ್ಮ ಅಪ್ಪ ರಾತ್ರಿ ಏನು ತಿಂತಾರೆ ಅಂತ ಕೇಳಿ ನೋಡಿ. ಹಾಲು, ಬನ್ನು, ಮಂಡಕ್ಕಿಯಲ್ಲೇ ಮುಗಿಸುವವರು ಜಾಸ್ತಿ. ಮಂಡಕ್ಕಿ ನಮ್ಮೂರಿನ ಹೆಮ್ಮೆ, ನಿಜ. ಆದರೆ ದಿನಾ ಅದೇ ಆದರೆ ಕಾಲಿಗೆ ಶಕ್ತಿ ಎಲ್ಲಿಂದ ಬರಬೇಕು? ಅನ್ನ, ಬೇಳೆ ಸಾರು, ಒಂದು ಪಲ್ಯ ಕಲಿಸಿ. 76ಕ್ಕೂ ಕಲಿಯುತ್ತಾರೆ.

ಇನ್ನು ಓಡಾಟ. ಕುಂದವಾಡ ಕೆರೆಗೆ ವಾಕಿಂಗ್ ಹೋಗುತ್ತಿದ್ದವರು ನಿಲ್ಲಿಸಿದರೆ, ಅಮ್ಮನ ನೆನಪು ಕಾಡುತ್ತಿರಬೇಕು ಅಂತ ಮಕ್ಕಳು ಅಂದುಕೊಳ್ಳುತ್ತಾರೆ. ಇರಬಹುದು. ಆದರೆ ಪಕ್ಕದಲ್ಲಿ ಕೂತು ನಿಧಾನವಾಗಿ ಮಾತಾಡಿಸಿದರೆ ಎಷ್ಟೋ ಸಲ ಬೇರೆಯದೇ ಹೊರಗೆ ಬರುತ್ತದೆ. ಪ್ರಾಸ್ಟೇಟ್ ತೊಂದರೆಯಿಂದ ಮೂತ್ರ ತಡೆಯಲು ಆಗುವುದಿಲ್ಲ. ದಾರಿಯಲ್ಲಿ ಶೌಚಾಲಯ ಸಿಗುವುದಿಲ್ಲ. ಪಂಚೆ ಒದ್ದೆಯಾದರೆ ಮರ್ಯಾದೆ ಹೋಯಿತು. ಇದನ್ನು ಮಕ್ಕಳಿಗೆ ಫೋನಲ್ಲಿ ಹೇಳ್ತಾರಾ? ಸುಮ್ನೆ ಮನೆಯಲ್ಲಿ ಕೂರುತ್ತಾರೆ. ಕೆಲವರು ನೀರು ಕುಡಿಯುವುದನ್ನೇ ಕಡಿಮೆ ಮಾಡುತ್ತಾರೆ, ಅದರಿಂದ ಮಲಬದ್ಧತೆ, ತಲೆಸುತ್ತು ಶುರು. ಈ ತೊಂದರೆಗೆ ಮಾತ್ರೆ ಇದೆ, ಡಾಕ್ಟರಿಗೆ ತೋರಿಸಬೇಕು ಅಷ್ಟೆ. ಕಿವಿ ಮಂದವಾದರೂ ಹೀಗೇ. ಕಟ್ಟೆಯ ಮೇಲೆ ಎಲ್ಲರೂ ನಗುವಾಗ ತನಗೊಬ್ಬನಿಗೇ ಯಾಕೆಂದು ಗೊತ್ತಾಗದಿದ್ದರೆ ಯಾರು ತಾನೇ ಮತ್ತೆ ಅಲ್ಲಿಗೆ ಹೋಗ್ತಾರೆ? ಕಣ್ಣಿನ ಪೊರೆಯನ್ನೂ ಒಮ್ಮೆ ನೋಡಿಸಿ.

ಬೀಳುವ ಭಯ ಇದೆಯಾ ಎಂದು ಕೇಳಿದರೆ ಇಲ್ಲ ಅಂತಾರೆ. ಅದಕ್ಕೇ ಕುರ್ಚಿ ಪರೀಕ್ಷೆ ಮಾಡಿ. ಕೈಯಿಲ್ಲದ ಗಟ್ಟಿ ಕುರ್ಚಿಯನ್ನು ಗೋಡೆಗೆ ಒತ್ತಿ ಇಡಿ. ಕೈಗಳನ್ನು ಎದೆಗೆ ಕಟ್ಟಿಕೊಂಡು 30 ಸೆಕೆಂಡಿನಲ್ಲಿ ಎಷ್ಟು ಸಲ ಪೂರ್ತಿ ಎದ್ದು ಕೂರುತ್ತಾರೆ ಎಣಿಸಿ. ನೀವು ಪಕ್ಕದಲ್ಲೇ ನಿಂತಿರಿ. 75ರಿಂದ 79 ವಯಸ್ಸಿನ ಗಂಡಸರು 11ಕ್ಕಿಂತ ಕಡಿಮೆ ಸಲ ಎದ್ದರೆ ಕಾಲಿನ ಬಲ ಕುಗ್ಗಿದೆ ಎಂದರ್ಥ. ಹೀಗೆ ಎದ್ದು ಕೂರುವುದೇ ಅದಕ್ಕೆ ವ್ಯಾಯಾಮವೂ ಹೌದು.

ಹಸಿವಿಲ್ಲ, ನಿದ್ದೆಯಿಲ್ಲ, ಯಾವುದರಲ್ಲೂ ಮನಸ್ಸಿಲ್ಲ, ಎರಡು ವಾರ ಹೀಗೇ ಇದ್ದರೆ ಮಾತ್ರ ಅದು ಬರೀ ಬೇಜಾರಲ್ಲ. ಚಿಗಟೇರಿ ಜಿಲ್ಲಾ ಆಸ್ಪತ್ರೆಗೋ ನಿಮ್ಮ ಡಾಕ್ಟರ ಹತ್ತಿರವೋ ಕರೆದುಕೊಂಡು ಹೋಗಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿಮಾನಸ್ 14416ಕ್ಕೆ ಫೋನ್ ಮಾಡಿದರೆ ಸಲಹೆ ಸಿಗುತ್ತದೆ. ಹಿರಿಯರ ಸಹಾಯವಾಣಿ 14567 ಕೂಡ ಬರೆದಿಟ್ಟುಕೊಳ್ಳಿ.

ಕೆಲಸದವರ ವಿಷಯ. ಇಡೀ ದಿನ ಒಬ್ಬರು ಇದ್ದರೆ ಹಾಲು, ತರಕಾರಿ, ಮಾತ್ರೆ ಎಲ್ಲ ಕೂತಲ್ಲಿಗೇ ಬರುತ್ತದೆ. ಯಜಮಾನ್ರು ಟಿವಿ ಮುಂದೆ ಕೂತರೆ ಏಳುವ ಕಾರಣವೇ ಇರುವುದಿಲ್ಲ. ಮಾಡದೆ ಬಿಟ್ಟ ಕೆಲಸ ಆ ವಯಸ್ಸಿನಲ್ಲಿ ಬೇಗ ಮರೆತುಹೋಗುತ್ತದೆ, ಕಾಲೂ ಬೇಗ ಸೋಲುತ್ತದೆ. ಹಾಗಾಗಿ ಬೆಳಿಗ್ಗೆ ಎರಡು ಗಂಟೆ ಸಾಕು: ಕಸ, ಪಾತ್ರೆ, ಮುಖ್ಯವಾಗಿ ಜಾರದಂತೆ ಬಚ್ಚಲು ತಿಕ್ಕುವುದು. ಹಾಲು, ತರಕಾರಿ, ಕರೆಂಟ್ ಬಿಲ್ ಅಪ್ಪನಿಗೇ ಇರಲಿ. ನೀವು ಪುಣೆಯಿಂದ ಮೊಬೈಲಲ್ಲಿ ಸಾಮಾನು ತರಿಸುತ್ತಿದ್ದರೆ ಅದನ್ನೂ ನಿಲ್ಲಿಸಿ.

ಪುಣೆಗೆ ಹಬ್ಬಕ್ಕೆ ಬಂದು ಹದಿನೈದು ದಿನ ಇರಲಿ. ಪೂರ್ತಿ ಬರುವುದಾದರೆ, ನೀವು ಆಫೀಸಿಗೆ ಹೋದ ಮೇಲೆ ಭಾಷೆ ಬಾರದ ಅಪಾರ್ಟ್‌ಮೆಂಟಿನಲ್ಲಿ ಅವರು ಅಲ್ಲೂ ಒಬ್ಬರೇ. ಮುಂದೆ ಸ್ನಾನಕ್ಕೆ, ಶೌಚಕ್ಕೆ ಕೈ ಹಿಡಿಯಬೇಕಾದ ದಿನ ಬಂದರೆ ಆಗ ಲೆಕ್ಕ ಬೇರೆ. ಆಗ ಆಳೂ ಬೇಕು, ನೀವೂ ಹತ್ತಿರ ಇರಬೇಕು.