ಬೆನ್ನುಹುರಿಗೆ ಪೆಟ್ಟಾಗಿ ಎಂಟು ತಿಂಗಳು: ಸ್ಟೆಮ್ ಸೆಲ್, ಬಯೋಪ್ರಿಂಟಿಂಗ್‌ನಿಂದ ತಮ್ಮ ಮತ್ತೆ ನಡೆಯಬಹುದೇ?

ನಿಮ್ಮ ತಮ್ಮನನ್ನು ಖಂಡಿತ ನಡೆಯುವಂತೆ ಮಾಡುತ್ತೇವೆ ಎಂದು ಯಾರಾದರೂ ದುಡ್ಡು ಕೇಳಿದರೆ ದಯವಿಟ್ಟು ಕೊಡಬೇಡಿ. ಅಂಥ ಚಿಕಿತ್ಸೆ ಇನ್ನೂ ಬಂದಿಲ್ಲ. ಸಂಶೋಧನೆ ಮಾತ್ರ ನಿಜಕ್ಕೂ ಮುಂದೆ ಸಾಗಿದೆ.

ಪೆಟ್ಟು ಬಿದ್ದ ಜಾಗದಲ್ಲಿ ಸತ್ತ ಅಂಗಾಂಶ ಕರಗಿ, ನೀರು ತುಂಬಿದ ಪೊಳ್ಳು ಉಳಿಯುತ್ತದೆ. ಸುತ್ತ ಆಸ್ಟ್ರೋಸೈಟ್ ಎಂಬ, ನರಕೋಶಗಳಿಗೆ ನೆರವಾಗುವ ಕೋಶಗಳು ಗಾಯದ ಗೋಡೆ ಕಟ್ಟುತ್ತವೆ. ಸೂಜಿಯಲ್ಲಿ ಬಿಟ್ಟ ಸ್ಟೆಮ್ ಸೆಲ್‌ಗಳಿಗೆ (ಬೇರೆ ಬಗೆಯ ಕೋಶಗಳಾಗಿ ಬೆಳೆಯಬಲ್ಲ ಮೂಲಕೋಶಗಳು) ಅಲ್ಲಿ ಆಸರೆಯೂ ಇಲ್ಲ, ರಕ್ತವೂ ಇಲ್ಲ. ಬಹುಪಾಲು ಕೆಲವೇ ದಿನಗಳಲ್ಲಿ ಸಾಯುತ್ತವೆ. ರಕ್ತನಾಳಕ್ಕೆ ಕೊಡುವ ಮೆಸೆಂಕೈಮಲ್ ಕೋಶಗಳಂತೂ (ಮೂಳೆಮಜ್ಜೆ, ಕೊಬ್ಬಿನಂಥ ಕಡೆಯಿಂದ ತೆಗೆಯುವ ಸ್ಟೆಮ್ ಸೆಲ್‌ಗಳು) ಹೆಚ್ಚಾಗಿ ಶ್ವಾಸಕೋಶದಲ್ಲೇ ಸಿಕ್ಕಿಕೊಳ್ಳುತ್ತವೆ.

ಜಪಾನಿನ ಕೇಯೋ ವಿಶ್ವವಿದ್ಯಾಲಯದವರು ಐಪಿಎಸ್ ಕೋಶಗಳಿಂದ (ಸಾಮಾನ್ಯ ಕೋಶಗಳನ್ನೇ ಸ್ಟೆಮ್ ಸೆಲ್‌ಗಳಂತೆ ಮಾರ್ಪಡಿಸಿದವು) ಬೆಳೆಸಿದ, ನರಕೋಶಗಳಾಗಬಲ್ಲ ಎಳೆಯ ಕೋಶಗಳನ್ನು ನಾಲ್ವರಿಗೆ, ತಲಾ 20 ಲಕ್ಷದಂತೆ, ಬೆನ್ನುಹುರಿಗೇ ಹಾಕಿದರು. 2025ರ ಮಾರ್ಚ್‌ನಲ್ಲಿ ಹೇಳಿದ ಪ್ರಕಾರ ಇಬ್ಬರಲ್ಲಿ ಚಲನೆ ಸುಧಾರಿಸಿತು, ಗಂಭೀರ ತೊಂದರೆ ಕಾಣಲಿಲ್ಲ. ಆದರೆ ಅವರೆಲ್ಲ ಪೆಟ್ಟಾಗಿ 14ರಿಂದ 28 ದಿನಗಳೊಳಗಿನವರು. ಆ ಅವಧಿಯಲ್ಲಿ ದೇಹ ತಾನಾಗಿಯೂ ಒಂದಿಷ್ಟು ಚೇತರಿಸಿಕೊಳ್ಳುತ್ತದೆ, ಹೋಲಿಸಲು ಬೇರೆ ಗುಂಪೂ ಇರಲಿಲ್ಲ. ಎಂಟು ತಿಂಗಳ ಗಾಯಕ್ಕೆ ಇದನ್ನು ಹಾಗೇ ಅನ್ವಯಿಸಲಾಗದು.

ಬಯೋಪ್ರಿಂಟಿಂಗ್, ಅಂದರೆ ಜೆಲ್ ಮತ್ತು ಕೋಶಗಳಿಂದ ಅಂಗಾಂಶದಂಥ ರಚನೆ ಮುದ್ರಿಸುವುದು, ಆ ಪೊಳ್ಳಿಗೇ ಸೇತುವೆ ಹಾಕುವ ಕೆಲಸ. 2019ರಲ್ಲಿ ಸ್ಯಾನ್ ಡಿಯಾಗೋದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದವರು ಬೆಳಕಿನಿಂದ ಗಟ್ಟಿಯಾಗುವ ಜೆಲ್‌ನಲ್ಲಿ 2 ಮಿಲಿಮೀಟರ್ ಆಸರೆಯನ್ನು 1.6 ಸೆಕೆಂಡಿನಲ್ಲಿ ಮುದ್ರಿಸಿದರು. ಅದರೊಳಗೆ ಕೊಳವೆ ಸಾಲು, ಪ್ರತಿಯೊಂದೂ ಸುಮಾರು 200 ಮೈಕ್ರೋಮೀಟರ್ ಅಗಲ. ಅದರಲ್ಲಿ ಕೋಶ ತುಂಬಿ ಇಲಿಗೆ ಕೂರಿಸಿದಾಗ ಆಕ್ಸಾನುಗಳು (ನರಕೋಶದ ಉದ್ದನೆಯ ಎಳೆಗಳು) ದಾರಿ ತಪ್ಪದೆ ನೇರವಾಗಿ ದಾಟಿದವು, ಹಿಂಗಾಲಿನ ಚಲನೆಯೂ ಸ್ವಲ್ಪ ಮರಳಿತು. ತೊಡಕು ಮನುಷ್ಯನಲ್ಲಿ: ಹುರಿಯ ಅಗಲವೇ ಸುಮಾರು ಒಂದು ಸೆಂಟಿಮೀಟರ್. ರಕ್ತನಾಳದಿಂದ 200 ಮೈಕ್ರೋಮೀಟರ್‌ಗಿಂತ ದೂರ ಕುಳಿತ ಕೋಶಕ್ಕೆ ಆಮ್ಲಜನಕ ಸಾಲುವುದಿಲ್ಲ. ಜೆಲ್ ಗಟ್ಟಿಯಾದರೆ ಸುತ್ತಲಿನ ಮೆದು ಹುರಿಯನ್ನು ಒತ್ತುತ್ತದೆ, ಮೆತ್ತಗಾದರೆ ಕೊಳವೆಗಳೇ ಕುಸಿಯುತ್ತವೆ. ಯಂತ್ರದ ಸಣ್ಣ ಮೂತಿಯಿಂದ ಹಿಂಡಿ ಮುದ್ರಿಸುವ ವಿಧಾನದಲ್ಲಿ ಒತ್ತಡ ಏರಿದಷ್ಟೂ ಕೋಶದ ಪೊರೆ ಹರಿಯುತ್ತದೆ. ಇನ್ನು ಹಳೆಯ ಗಾಯದಲ್ಲಿ ಆಸರೆ ಕೂರಿಸಲು ಆ ಗಾಯದ ಗೋಡೆಯನ್ನು ಕತ್ತರಿಸಿ ತೆಗೆಯಬೇಕು. ಉಳಿದ ಒಳ್ಳೆಯ ನರವೂ ಹೋದರೆ ಇದ್ದ ಸ್ಪರ್ಶವೂ ಹೋಗಬಹುದು. ನನ್ನನ್ನು ಹೆಚ್ಚು ಹೆದರಿಸುವುದು ಇದೇ.

ಇಂಥ ಚಿಕಿತ್ಸೆಗೆ ಯಾರಾದರೂ ಕರೆದರೆ ಕೇಳಿ: ಯಾವ ಕೋಶ, ಎಷ್ಟು, ಶೇಕಡಾ ಎಷ್ಟು ಜೀವಂತ, ಎಲ್ಲಿಗೆ ಹಾಕುತ್ತೀರಿ, ಎಷ್ಟು ವರ್ಷ ನೋಡಿಕೊಳ್ಳುತ್ತೀರಿ? ಮೂಗಿನ ಒಳಪದರದ ಕೋಶ ಹಾಕಿಸಿಕೊಂಡ ಒಬ್ಬ ಮಹಿಳೆಗೆ ಎಂಟು ವರ್ಷಗಳ ನಂತರ ಬೆನ್ನುಹುರಿಯಲ್ಲಿ ಗೆಡ್ಡೆ ಬೆಳೆದು ನೋವಾಗಿತ್ತು. ತೆಗೆದು ನೋಡಿದರೆ ಒಳಗೆ ಸಿಂಬಳದಂಥ ಲೋಳೆ.

ಈಗ ನಿಮ್ಮ ಕೈಯಲ್ಲಿರುವುದು: ಎಂಆರ್‌ಐ ಮತ್ತು ಏಷ್ಯಾ ಸ್ಕೇಲ್ (ASIA, ಚಲನೆ ಮತ್ತು ಸ್ಪರ್ಶ ಎಷ್ಟು ಉಳಿದಿದೆ ಎಂದು ಅಳೆಯುವ ಪರೀಕ್ಷೆ) ವರದಿಗಳನ್ನು ಜೋಪಾನ ಮಾಡಿ. ಮಲಗಿದ್ದಾಗ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ. ಕೀಲುಗಳನ್ನು ದಿನವೂ ಆಡಿಸಿ, ಮೂತ್ರದ ಸೋಂಕನ್ನು ತಡಮಾಡದೆ ತೋರಿಸಿ. ಹಾಸಿಗೆ ಹುಣ್ಣು ಅಥವಾ ಬಿಗಿದ ಕೀಲು ಇದ್ದವರನ್ನು ಮುಂದೆ ಪ್ರಯೋಗಗಳಿಗೆ ಸೇರಿಸಿಕೊಳ್ಳದೆ ಇರಬಹುದು.